ಸರ್ಕಾರದ ಹಣವು ರೋಗಿಗೆ ಮುಟ್ಟಿತೆ?

ಮಧ್ಯಾಹ್ನದ ಊಟವಾಗಿ, ಅಡಿಗೆಮನೆಯನ್ನು ಶುಚಿಮಾಡಿ, ಮನೆಯ ಹೆಂಗಸರು ಸ್ವಲ್ಪ ಮೈಚಾಚುವ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಯಾರೋ ಬಂದು ನಿಲ್ಲುವುದುಂಟು. ಕೊರಳಲ್ಲಿ ಗುರುತಿನ ಚೀಟಿ. ಕೈಯಲ್ಲಿ ಕಾಗದದ ಕಟ್ಟು, ಇಲ್ಲವೆ ಈಚಿನ ದಿನಗಳಲ್ಲಿ ಮೊಬೈಲು. ಮನೆಯಲ್ಲಿ ಎಷ್ಟು ಮಂದಿ ಇದ್ದೀರಿ? ಕಳೆದ ವರ್ಷ ಆಸ್ಪತ್ರೆ ಸೇರುವಷ್ಟು ಕಾಯಿಲೆ ಯಾರಿಗಾದರೂ ಬಂದಿತ್ತೆ? ಎಷ್ಟು ಖರ್ಚಾಯಿತು? ಆ ಹಣವನ್ನು ಎಲ್ಲಿಂದ ತಂದಿರಿ? ಮನೆಯಲ್ಲಿ ಯಾರಾದರೂ ತೀರಿಕೊಂಡರೆ? ತೀರಿಕೊಳ್ಳುವ ಮುಂಚೆ ಎದೆನೋವಿತ್ತೆ, ಉಸಿರು ಕಟ್ಟುತ್ತಿತ್ತೆ, ಮೈ ಇಳಿದುಹೋಗಿತ್ತೆ? ಹೀಗೆ ಒಂದರ ಹಿಂದೊಂದು ಪ್ರಶ್ನೆ ಬರುತ್ತಲೇ ಇರುತ್ತದೆ. ಮನೆಯ ಹಿರಿಯರಿಗೆ ಬೇಸರವಾಗುವುದು ಸಹಜ. ಸತ್ತವರ ವಿಷಯವನ್ನು ಕೆದಕಿದರೆ ಬೇಸರದೊಡನೆ ನೋವೂ ಆಗುತ್ತದೆ. “ಇದನ್ನೆಲ್ಲ ಬರೆದುಕೊಂಡು ಹೋಗಿ ಏನು ಮಾಡುತ್ತೀರಮ್ಮ?” ಎಂದು ಅಜ್ಜಿಯೊಬ್ಬರು ಕೇಳಿದರೆ, ಬಿಸಿಲಿನಲ್ಲಿ ನಡೆದು ಬಂದ ಆ ಹುಡುಗಿಯ ಬಳಿ ತಕ್ಕ ಉತ್ತರವಿರುವುದಿಲ್ಲ. ಏತಕ್ಕೆಂದರೆ ಅವಳಿಗೆ ಪ್ರಶ್ನೆಗಳನ್ನು ಕಲಿಸಿರುತ್ತಾರೆಯೇ ಹೊರತು ಆ ಪ್ರಶ್ನೆಗಳು ಎಲ್ಲಿಗೆ ಹೋಗಿ ಸೇರುತ್ತವೆಂಬುದನ್ನು ಹೇಳಿರುವುದಿಲ್ಲ. ಅಜ್ಜಿಯ ಆ ಪ್ರಶ್ನೆಗೆ ನಮಗೆ ತಿಳಿದಮಟ್ಟಿಗೆ ಉತ್ತರ ಕೊಡಲು ಇಲ್ಲಿ ಯತ್ನಿಸಿದ್ದೇವೆ.

ನಮ್ಮ ರಾಜ್ಯದ ಬೊಕ್ಕಸದಿಂದ ವರ್ಷವರ್ಷವೂ ಜನರ ಆರೋಗ್ಯಕ್ಕಾಗಿಯೂ, ತಾಯಿಮಕ್ಕಳ ಪೋಷಣೆಗಾಗಿಯೂ, ದಿಕ್ಕಿಲ್ಲದವರ ಸಂರಕ್ಷಣೆಗಾಗಿಯೂ ಸಾವಿರಾರು ಕೋಟಿ ರೂಪಾಯಿ ವೆಚ್ಚವಾಗುತ್ತಿರುವುದಷ್ಟೆ. ಈ ಹಣಕ್ಕೆ ಎರಡು ಬಗೆಯ ಲೆಕ್ಕವುಂಟು. ಮಂಜೂರಾದ ಹಣ ಕಾನೂನಿಗೆ ಒಳಪಟ್ಟು ಖರ್ಚಾಯಿತೆ, ರಸೀತಿಗಳು ಸರಿಯಾಗಿವೆಯೆ, ಮಧ್ಯೆ ಯಾರಾದರೂ ಕೈಹಾಕಿದರೆ ಎಂಬುದು ಒಂದು. ಇದನ್ನು ನೋಡಲು ಲೆಕ್ಕಪರಿಶೋಧಕರು ಬಹಳ ಕಾಲದಿಂದಲೂ ಇದ್ದಾರೆ. ಹಾಗೆ ಖರ್ಚಾದ ಹಣದಿಂದ ಜನಕ್ಕೆ ಹಿತವಾಯಿತೆ ಎಂಬುದು ಎರಡನೆಯದು. ಅಂಗಡಿಯ ಚೀಟಿಯಲ್ಲಿ ಬೇಳೆ, ಬೆಲ್ಲ, ತುಪ್ಪಗಳ ತೂಕವೂ ಬೆಲೆಯೂ ಕಾಸಿಗೆ ಕಾಸು ಸರಿಯಾಗಿರಬಹುದು. ಹೋಳಿಗೆ ಬೆಂದಿತ್ತೆ, ಪಂಕ್ತಿಯ ತುದಿಯಲ್ಲಿ ಕುಳಿತವನ ಎಲೆಗೆ ಬಂದಿತೆ ಎಂಬುದನ್ನು ಆ ಚೀಟಿ ಹೇಳಲಾರದು. ಈ ಎರಡನೆಯ ಬಗೆಯ ಪರೀಕ್ಷೆಗೆ ಮೌಲ್ಯಮಾಪನವೆಂದು ಹೆಸರು. ಅದಕ್ಕೆಂದೇ ನಮ್ಮಲ್ಲಿ ೨೦೧೧ರಲ್ಲಿ ಕರ್ನಾಟಕ ಮೌಲ್ಯಮಾಪನ ಪ್ರಾಧಿಕಾರವೆಂಬ ಸಂಸ್ಥೆಯೊಂದು ಏರ್ಪಟ್ಟಿತು. ಮೊದಲನೆಯ ಲೆಕ್ಕಕ್ಕಿಂತ ಎರಡನೆಯದು ಬಹಳ ಕಷ್ಟದ್ದು. ಎಷ್ಟು ಕಷ್ಟದ್ದೆಂಬುದನ್ನು ತಾಯಂದಿರ ಮರಣದ ವಿಚಾರದಲ್ಲಿ ನೋಡಬಹುದು.

೨೦೦೧–೦೩ರ ಲೆಕ್ಕದಂತೆ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ೨೨೮ ಮಂದಿ ತಾಯಂದಿರು ಬಸಿರು, ಹೆರಿಗೆ, ಬಾಣಂತನಗಳ ಸಂಬಂಧದಿಂದ ಸಾಯುತ್ತಿದ್ದರು. ೨೦೧೮–೨೦ರ ಲೆಕ್ಕದಲ್ಲಿ ಈ ಸಂಖ್ಯೆ ೬೯ಕ್ಕೆ ಇಳಿದಿತ್ತು. ಸಂತೋಷದ ಸುದ್ದಿಯೆಂಬುದರಲ್ಲಿ ಸಂದೇಹವಿಲ್ಲ. ಈ ನಡುವೆ ಏನೇನಾಯಿತು? ೨೦೦೫ರಲ್ಲಿ ಕೇಂದ್ರ ಸರ್ಕಾರದ ಜನನಿ ಸುರಕ್ಷಾ ಯೋಜನೆ ಬಂದಿತು. ೨೦೦೭ರಲ್ಲಿ ನಮ್ಮ ಸರ್ಕಾರ ಬಡ ಬಾಣಂತಿಯರಿಗೆ ಮಡಿಲು ಚೀಲವನ್ನು ಕೊಡತೊಡಗಿತು. ೨೦೦೮ರಲ್ಲಿ ೧೦೮ರ ಆಂಬ್ಯುಲೆನ್ಸುಗಳು ರಸ್ತೆಗಿಳಿದವು. ಇವುಗಳ ಜೊತೆಗೆ ರಸ್ತೆಗಳಾದವು, ಹೆಣ್ಣುಮಕ್ಕಳು ಹೆಚ್ಚು ಓದಿದರು, ಮದುವೆಯ ವಯಸ್ಸು ಏರಿತು, ಹೆರುವ ಮಕ್ಕಳ ಸಂಖ್ಯೆ ತಗ್ಗಿತು. ಪ್ರತಿಯೊಂದು ಯೋಜನೆಯ ಅಧಿಕಾರಿಯೂ ತನ್ನ ವರದಿಯ ಮೊದಲ ಪುಟದಲ್ಲಿ ೨೨೮ನ್ನೂ ಕೊನೆಯ ಪುಟದಲ್ಲಿ ೬೯ನ್ನೂ ಅಚ್ಚುಹಾಕಿಸಬಹುದು. ಆದರೆ ಅದೇ ಅವಧಿಯಲ್ಲಿ ಇಡೀ ಭಾರತದ ಸಂಖ್ಯೆಯೂ ೩೦೧ರಿಂದ ೯೭ಕ್ಕೆ ಇಳಿದಿದೆ. ಎರಡೂ ಇಳಿತಗಳು ಪ್ರಮಾಣದಲ್ಲಿ ಹೆಚ್ಚುಕಡಮೆ ಒಂದೇ. ಮಡಿಲು ಚೀಲವನ್ನು ಕಂಡೇ ಇಲ್ಲದ ರಾಜ್ಯಗಳಲ್ಲಿಯೂ ತಾಯಂದಿರು ಬದುಕಿ ಉಳಿದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತೆಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಆ ಮಾತನ್ನು ಇಲ್ಲಿ ಮರೆಯುವಂತಿಲ್ಲ. ಚೀಲದಿಂದ ಪ್ರಯೋಜನವಿಲ್ಲವೆಂದು ನಾವು ಹೇಳುತ್ತಿಲ್ಲ; ಈ ಎರಡು ಅಂಕಿಗಳಿಂದ ಅದು ತಿಳಿಯದು ಎಂದಷ್ಟೇ ಹೇಳುತ್ತಿದ್ದೇವೆ. ಅಂದಹಾಗೆ, ನೆರೆಯ ಕೇರಳದಲ್ಲಿ ಅದೇ ೨೦೧೮–೨೦ರ ಸಂಖ್ಯೆ ೧೯, ತಮಿಳುನಾಡಿನಲ್ಲಿ ೫೪. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಎಲ್ಲಕ್ಕಿಂತ ಹೆಚ್ಚಾಗಿತ್ತೆಂಬುದನ್ನೂ ವರದಿಯ ಯಾವುದಾದರೊಂದು ಪುಟದಲ್ಲಿ ಅಚ್ಚುಹಾಕಿಸಿದರೆ ಒಳ್ಳೆಯದು.

ಹಾಗಾದರೆ ತಿಳಿಯುವ ಬಗೆ ಯಾವುದು? ಅನ್ನ ಬೆಂದಿದೆಯೆ ಎಂದು ನೋಡಲು ಗೃಹಿಣಿ ಒಂದು ಅಗುಳನ್ನು ತೆಗೆದು ಹಿಸುಕುತ್ತಾಳೆ; ಇಡೀ ಗಡಿಗೆಯನ್ನು ಸುರಿದು ನೋಡುವುದಿಲ್ಲ. ಇದನ್ನೇ ಶಾಸ್ತ್ರಿಗಳು ಸ್ಥಾಲೀಪುಲಾಕ ನ್ಯಾಯವೆನ್ನುತ್ತಾರೆ. ಎಲ್ಲ ಮನೆಗಳನ್ನೂ ಕೇಳದೆ ಕೆಲವನ್ನು ಮಾತ್ರ ಆರಿಸಿ ಕೇಳುವುದು ಈ ನ್ಯಾಯದಿಂದಲೇ. ಆದರೆ ಒಂದೇ ಗಡಿಗೆಯ ಅಗುಳನ್ನು ನೋಡಿದರೆ ಅನ್ನ ಬೆಂದಿತೆಂದು ಗೊತ್ತಾಗುತ್ತದೆಯೇ ಹೊರತು, ಹೊಸ ಬಗೆಯ ಒಲೆಯಿಂದ ಬೇಗ ಬೆಂದಿತೆ ಎಂಬುದು ಗೊತ್ತಾಗುವುದಿಲ್ಲ. ಅದಕ್ಕೆ ಎರಡು ಗಡಿಗೆ ಬೇಕು. ಅಕ್ಕಿ ಒಂದೇ, ನೀರು ಒಂದೇ, ಇಟ್ಟ ಹೊತ್ತು ಒಂದೇ ಆಗಿದ್ದು, ಒಲೆ ಮಾತ್ರ ಬೇರೆಯಾಗಿರಬೇಕು.

ಮನುಷ್ಯರ ವಿಷಯದಲ್ಲಿ ಇಂಥ ಎರಡು ಗಡಿಗೆಗಳು ಸಿಕ್ಕುವುದು ಅಪರೂಪ. ಹೀಗೆ ಸಿಕ್ಕಿದ ಒಂದು ಹಳೆಯ ಪ್ರಸಂಗ ಲಂಡನ್ನಿನದು. ೧೮೫೪ರಲ್ಲಿ ಅಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯನು ಒಂದು ಸಂಗತಿಯನ್ನು ಗಮನಿಸಿದನು. ಥೇಮ್ಸ್ ನದಿಯ ದಕ್ಷಿಣದ ಬೀದಿಗಳಲ್ಲಿ ಎರಡು ಕಂಪನಿಗಳು ಮನೆಮನೆಗೆ ನೀರನ್ನು ಮಾರುತ್ತಿದ್ದವು. ಒಂದು ಕಂಪನಿ ಊರ ಕೊಳಚೆ ಸೇರುವೆಡೆಯಿಂದಲೇ ನೀರನ್ನೆತ್ತುತ್ತಿತ್ತು. ಇನ್ನೊಂದು ಎರಡು ವರ್ಷಗಳ ಹಿಂದೆ ನದಿಯ ಮೇಲ್ಗಡೆಗೆ ಸರಿದಿತ್ತು. ಬೀದಿ ಒಂದೇ, ಗಾಳಿ ಒಂದೇ, ಬಡತನ ಸಿರಿತನಗಳೂ ಬೆರೆತಿದ್ದವು. ನೀರು ಮಾತ್ರ ಬೇರೆ. ಸ್ನೋ ಮನೆಮನೆಯ ಬಾಗಿಲು ತಟ್ಟಿ, ನಿಮಗೆ ಯಾವ ಕಂಪನಿಯ ನೀರು ಎಂದು ಕೇಳಿದನು. ಮೊದಲ ಏಳು ವಾರಗಳಲ್ಲಿ ಹತ್ತು ಸಾವಿರ ಮನೆಗಳಿಗೆ ಕೊಳಕು ನೀರಿನ ಕಡೆ ೩೧೫ ಸಾವು, ಶುಚಿಯಾದ ನೀರಿನ ಕಡೆ ೩೭ ಎಂದು ಅವನ ಲೆಕ್ಕ ಹೇಳಿತು. ಕಾಲರಾ ಕೆಟ್ಟ ಗಾಳಿಯಿಂದ ಬರುವುದೆಂದು ನಂಬಿದ್ದ ಪಂಡಿತರು ಆಮೇಲೂ ಬಹುಕಾಲ ನಂಬಿಯೇ ಇದ್ದರು. ಆದರೆ ಲೆಕ್ಕ ಉಳಿಯಿತು.

ಇನ್ನು ನಮ್ಮ ನಾಡಿನ ಪ್ರಸಂಗಕ್ಕೆ ಬರೋಣ. ಬಡವರ ಮನೆಯಲ್ಲಿ ಜ್ವರ ಕೆಮ್ಮು ಬಂದರೆ ಹೇಗೋ ಸಾಗುತ್ತದೆ. ಆದರೆ ಮನೆಯ ಯಜಮಾನನ ಹೃದಯಕ್ಕೆ ತೊಂದರೆ ಬಂದರೆ, ಗೃಹಿಣಿಗೆ ಕ್ಯಾನ್ಸರ್ ಎಂದು ತಿಳಿದರೆ, ಎರಡೇ ದಾರಿ: ಹೊಲವನ್ನು ಮಾರಿ ದೊಡ್ಡ ಆಸ್ಪತ್ರೆಗೆ ಹೋಗುವುದು, ಇಲ್ಲವೆ ದೇವರ ಮೇಲೆ ಭಾರ ಹಾಕಿ ಮನೆಯಲ್ಲೇ ಮಲಗಿಸುವುದು. ಮೊದಲನೆಯದರಲ್ಲಿ ಜೀವ ಉಳಿದರೂ ಮಕ್ಕಳು ಕೂಲಿಗೆ ಬೀಳುತ್ತಾರೆ. ಎರಡನೆಯದರಲ್ಲಿ ಏನಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಸಂಕಟಕ್ಕೆ ಪರಿಹಾರವಾಗಲೆಂದು ಕರ್ನಾಟಕ ಸರ್ಕಾರ ೨೦೧೦ರಲ್ಲಿ ವಾಜಪೇಯಿ ಆರೋಗ್ಯಶ್ರೀ ಎಂಬ ಯೋಜನೆಯನ್ನು ಆರಂಭಿಸಿತು. ಬಡತನ ರೇಖೆಯ ಕೆಳಗಿನ ಕುಟುಂಬಗಳು ಒಂದು ಕಾಸನ್ನೂ ಕಟ್ಟಬೇಕಾಗಿರಲಿಲ್ಲ, ಹೆಸರನ್ನು ಬೇರೆಯಾಗಿ ಬರೆಯಿಸಬೇಕಾಗಿರಲಿಲ್ಲ. ಪಡಿತರ ಚೀಟಿಯಿದ್ದರೆ ಸಾಕಾಗಿತ್ತು. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರಮಂಡಲಗಳ ದೊಡ್ಡ ಕಾಯಿಲೆಗಳಿಗೂ, ಸುಟ್ಟಗಾಯ, ಭಾರಿ ಅಪಘಾತಗಳಿಗೂ, ಎಳೆಗೂಸುಗಳ ಶಸ್ತ್ರಚಿಕಿತ್ಸೆಗೂ ಒಂದು ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿಯವರೆಗೆ, ಅವಶ್ಯವಾದರೆ ಇನ್ನೂ ಐವತ್ತು ಸಾವಿರದವರೆಗೆ, ಸರ್ಕಾರವೇ ಆಸ್ಪತ್ರೆಗೆ ಹಣ ಕೊಡುತ್ತಿತ್ತು. ಇದರಲ್ಲಿ ನಾವು ಮುಖ್ಯವೆಂದೆಣಿಸುವ ಅಂಶ ಹಣವಲ್ಲ. ಆಸ್ಪತ್ರೆಯ ವೈದ್ಯರು ಹಳ್ಳಿಯ ಕಡೆಗೆ ಬಂದು ಶಿಬಿರ ನಡೆಸಿ, ರೋಗದ ಸಂದೇಹ ಕಂಡವರನ್ನು ಅಲ್ಲಿಂದಲೇ ಪಟ್ಟಣದ ಆಸ್ಪತ್ರೆಗೆ ಕಳುಹಿಸುವ ಏರ್ಪಾಡಿತ್ತು. ಎದೆಯಲ್ಲಿ ಹಿಡಿದಂತಾಗುವುದನ್ನು ವಾಯುವೆಂದು ತಳ್ಳಿಹಾಕುವ ಜನಕ್ಕೆ, ಇದು ವಾಯುವಲ್ಲ ಎಂದು ಹೇಳುವವರು ಮನೆಯ ಹತ್ತಿರಕ್ಕೇ ಬಂದರು.

ಈ ಯೋಜನೆ ಇಡೀ ರಾಜ್ಯದಲ್ಲಿ ಒಮ್ಮೆಗೇ ಆರಂಭವಾಗಲಿಲ್ಲ. ಬಡತನ ಹೆಚ್ಚೆಂದು ಮೊದಲು ಅಂದಿನ ಗುಲ್ಬರ್ಗ ವಿಭಾಗದಲ್ಲಿ, ಅನಂತರ ಬೆಳಗಾವಿ ವಿಭಾಗದಲ್ಲಿ ಬಂದು, ದಕ್ಷಿಣದ ಬೆಂಗಳೂರು, ಮೈಸೂರು ವಿಭಾಗಗಳಿಗೆ ೨೦೧೨ರಲ್ಲಿ ವಿಸ್ತರಿಸಿತು. ಆದಕಾರಣ ಸುಮಾರು ಎರಡು ವರ್ಷ ಕಾಲ ರಾಜ್ಯದ ನಡುವೆ ಒಂದು ಗೆರೆ ಎಳೆದಂತಾಗಿತ್ತು. ಹರಿಹರದಲ್ಲಿ ನಿಂತು ತುಂಗಭದ್ರೆಯ ಆಚೆಯ ದಡವನ್ನು ನೋಡಿದವರಿಗೆ ಈ ಗೆರೆ ಎಷ್ಟು ತೆಳುವಾದುದೆಂಬುದು ತಿಳಿಯುತ್ತದೆ. ಆಚೆ ರಾಣೆಬೆನ್ನೂರು ತಾಲ್ಲೂಕು, ಹಾವೇರಿ ಜಿಲ್ಲೆ, ಬೆಳಗಾವಿ ವಿಭಾಗ. ಈಚೆ ದಾವಣಗೆರೆ ಜಿಲ್ಲೆ, ಬೆಂಗಳೂರು ವಿಭಾಗ. ಎರಡು ದಡದವರೂ ಕುಡಿಯುವುದು ಒಂದೇ ಹೊಳೆಯ ನೀರು, ತಟ್ಟುವುದು ಒಂದೇ ಜೋಳದ ರೊಟ್ಟಿ, ಹೋಗುವುದು ಒಂದೇ ಸಂತೆಗೆ, ಕೊಟ್ಟು ತರುವುದು ಪರಸ್ಪರರ ಮನೆಯ ಹೆಣ್ಣನ್ನು. ಸರ್ಕಾರದ ಕಾಗದದಲ್ಲಿ ಮಾತ್ರ ಒಂದು ದಡದವನ ಹೃದಯದ ಚಿಕಿತ್ಸೆಗೆ ಹಣವಿತ್ತು, ಇನ್ನೊಂದು ದಡದವನದಕ್ಕೆ ಇರಲಿಲ್ಲ. ಸ್ನೋ ಕಂಡ ಎರಡು ನೀರಿನ ಕಂಪನಿಗಳ ಹಾಗೆಯೇ ಇದು.

ಈ ಗೆರೆಯ ಬೆಲೆಯನ್ನು ಅರಿತವರು ನೀರಜ್ ಸೂದ್ ಮತ್ತು ಅವರ ಸಂಗಡಿಗರು. ಇವರಲ್ಲಿ ಬೆಂಗಳೂರಿನ ಐ.ಐ.ಎಂ. ಸಂಸ್ಥೆಯ ಅರ್ನಬ್ ಮುಖರ್ಜಿಯವರೂ ಒಬ್ಬರು. ಗಡಿಯ ಎರಡು ಬದಿಗಳಲ್ಲಿ ಒಂದಕ್ಕೊಂದು ಹೋಲುವ ಹಳ್ಳಿಗಳನ್ನು ಆರಿಸಿಕೊಂಡು, ಯೋಜನೆ ಬಂದಿದ್ದ ೩೦೦ ಹಳ್ಳಿಗಳಲ್ಲಿ ೩೧,೪೭೬ ಮನೆಗಳನ್ನೂ, ಬಾರದಿದ್ದ ೨೭೨ ಹಳ್ಳಿಗಳಲ್ಲಿ ೨೮,೬೩೩ ಮನೆಗಳನ್ನೂ ವಿಚಾರಿಸಿದರು. ಅಂದರೆ ನಾವು ಮೊದಲು ಹೇಳಿದ ಹಾಗೆ ಮಧ್ಯಾಹ್ನದ ಬಿಸಿಲಿನಲ್ಲಿ ಬಾಗಿಲಿಗೆ ಬಂದ ಹುಡುಗ ಹುಡುಗಿಯರು ಸುಮಾರು ಅರವತ್ತು ಸಾವಿರ ಮನೆಗಳ ಮುಂದೆ ನಿಂತು, ಯಾರು ಸತ್ತರು, ಯಾವುದರಿಂದ ಸತ್ತರು, ಎಷ್ಟು ಖರ್ಚಾಯಿತು ಎಂದು ಕೇಳಿದರು. ಫಲಿತಾಂಶ ೨೦೧೪ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು.

ಯೋಜನೆಯ ಚಿಕಿತ್ಸೆಯಿಂದ ತಪ್ಪಿಸಬಹುದಾಗಿದ್ದ ಕಾಯಿಲೆಗಳಿಂದ, ಎಂದರೆ ಬಹುಮಟ್ಟಿಗೆ ಹೃದ್ರೋಗ ಕ್ಯಾನ್ಸರುಗಳಿಂದ, ಆದ ಮರಣದ ಪ್ರಮಾಣ ಯೋಜನೆಯಿಲ್ಲದ ಹಳ್ಳಿಗಳ ಬಡಕುಟುಂಬಗಳಲ್ಲಿ ಶೇಕಡ ೦.೯೦ ಆಗಿತ್ತು, ಯೋಜನೆಯಿದ್ದ ಹಳ್ಳಿಗಳ ಬಡಕುಟುಂಬಗಳಲ್ಲಿ ಶೇಕಡ ೦.೩೨. ಮೂರು ಸಾವು ಆಗುತ್ತಿದ್ದಲ್ಲಿ ಹೆಚ್ಚುಕಡಮೆ ಒಂದು ಎಂದು ತಿಳಿಯಬಹುದು. ಇಂಥ ದೊಡ್ಡ ಆಸ್ಪತ್ರೆಗಳ ಚಿಕಿತ್ಸೆಗೆ ಮನೆಯವರು ಕೈಯಿಂದ ಹಾಕಬೇಕಾದ ಹಣವೂ ಶೇಕಡ ೬೪ರಷ್ಟು ಕಡಮೆಯಾಗಿತ್ತು. ಇಲ್ಲಿಗೆ ನಿಲ್ಲಿಸದೆ ಅವರು ಇನ್ನೊಂದು ಜಾಣತನದ ಕೆಲಸ ಮಾಡಿದ್ದರು. ಅದೇ ಹಳ್ಳಿಗಳಲ್ಲಿ ಬಡತನ ರೇಖೆಯ ಮೇಲಿದ್ದು ಯೋಜನೆಗೆ ಸೇರದ ಮನೆಗಳನ್ನೂ ವಿಚಾರಿಸಿದ್ದರು. ಉತ್ತರದ ಕಡೆಗೆ ಸಾವು ಕಡಮೆಯಾಗಲು ಮಳೆ, ಬೆಳೆ, ರಸ್ತೆ ಮೊದಲಾದ ಬೇರೆ ಕಾರಣಗಳಿದ್ದರೆ ಉಳ್ಳವರ ಮನೆಗಳಲ್ಲಿಯೂ ಅದು ಕಾಣಬೇಕಾಗಿತ್ತು. ಅಲ್ಲಿ ಎರಡು ಕಡೆಗೂ ವ್ಯತ್ಯಾಸ ಕಾಣಲಿಲ್ಲ. ಕಾಗೆಯೇ ಕೊಂಬೆಯನ್ನು ಮುರಿಯಿತೆಂದು ಹೇಳಲು ಇಷ್ಟಾದರೂ ಸಾಕ್ಷ್ಯ ಬೇಕು.

ಈ ಅಂಕಿಗಳನ್ನು ಓದಿದಾಗ ನಮಗೆ ಸಂತೋಷಕ್ಕಿಂತ ಮೊದಲು ಸಂದೇಹವೇ ಬಂದಿತೆಂಬುದನ್ನು ಮುಚ್ಚಿಡುವುದಿಲ್ಲ. ಫಲ ಬಹಳ ದೊಡ್ಡದು. ಹಾಗಿದ್ದರೆ ಆಸ್ಪತ್ರೆಗೆ ಹೋದವರ ಸಂಖ್ಯೆಯೂ ಅಷ್ಟೇ ಏರಿರಬೇಕಲ್ಲವೆ? ಏರಿಕೆ ಸುಮಾರು ಶೇಕಡ ೪೪ ಎಂದು ಲೆಕ್ಕಕ್ಕೆ ಬಂದರೂ, ಅದು ಆಕಸ್ಮಿಕವಾಗಿರಲಾರದೆಂದು ಗಣಿತದ ನಿಯಮದಂತೆ ಖಂಡಿತವಾಗಿ ಹೇಳುವಷ್ಟು ಸ್ಪಷ್ಟವಾಗಿರಲಿಲ್ಲ. ಇದನ್ನು ಸಂಶೋಧಕರೇ ಒಪ್ಪಿ ಬರೆದಿದ್ದಾರೆ. ಯೋಜನೆಗೆ ಮುಂಚೆ ಆ ಮನೆಗಳನ್ನು ಎಣಿಸಿರಲೂ ಇಲ್ಲ. ಎಲ್ಲವೂ ಆಮೇಲೆ ಕೇಳಿದ್ದು. ಸತ್ತವರ ಕಾಯಿಲೆ ಯಾವುದೆಂಬುದು ಮನೆಯವರ ನೆನಪಿನಿಂದ ತಿಳಿದದ್ದು. ನೆನಪು ಎಲ್ಲರದೂ ಒಂದೇ ಹದದಲ್ಲಿರುವುದಿಲ್ಲ. ಮತ್ತೊಂದು ಮಾತು: ಈ ಯೋಜನೆಗೆ ಸಾಲ ಕೊಟ್ಟವರಲ್ಲಿ ವಿಶ್ವಬ್ಯಾಂಕೂ ಇತ್ತು, ಲೇಖನ ಬರೆದವರಲ್ಲಿ ಇಬ್ಬರು ವಿಶ್ವಬ್ಯಾಂಕಿನವರು. ಇದರಿಂದ ಲೆಕ್ಕ ಸುಳ್ಳಾಯಿತೆಂದು ನಾವು ಭಾವಿಸುವುದಿಲ್ಲ. ಆದರೆ ಹೆಣ್ಣಿನ ಗುಣವನ್ನು ಹೆಣ್ಣಿನ ಸೋದರಮಾವನ ಬಾಯಿಂದ ಕೇಳುವಾಗ ಗಂಡಿನ ಕಡೆಯವರು ಇನ್ನೊಬ್ಬರನ್ನೂ ವಿಚಾರಿಸುವುದು ವಾಡಿಕೆ. ೨೦೧೬ರಲ್ಲಿ ಈ ಗುಂಪಿನ ಇಬ್ಬರು ಪ್ರಕಟಿಸಿದ ಇನ್ನೊಂದು ಲೇಖನ ಸ್ವಲ್ಪ ಸಮಾಧಾನ ಕೊಡುತ್ತದೆ. ಯೋಜನೆಯಿದ್ದ ಕಡೆಯ ಬಡವರು ರೋಗದ ಲಕ್ಷಣ ಕಂಡಾಗ ವೈದ್ಯರ ಬಳಿಗೆ ಹೆಚ್ಚಾಗಿ ಹೋಗುತ್ತಿದ್ದರು. ಶಸ್ತ್ರಚಿಕಿತ್ಸೆಯಾದ ಮೇಲೆ ನಂಜೇರುವುದೂ, ಮತ್ತೆ ಆಸ್ಪತ್ರೆ ಸೇರಬೇಕಾಗಿ ಬರುವುದೂ ಅವರಲ್ಲಿ ಕಡಮೆಯಾಗಿತ್ತು. ಹೊತ್ತಿಗೆ ಮುಂಚೆ ಹೋದುದರಿಂದ, ಒಳ್ಳೆಯ ಆಸ್ಪತ್ರೆಗೆ ಹೋದುದರಿಂದ ಜೀವ ಉಳಿಯಿತೆಂದು ಊಹಿಸಲು ಇದು ಎಡೆಕೊಡುತ್ತದೆ.

ಪರೀಕ್ಷೆಯಲ್ಲಿ ಎಲ್ಲ ಯೋಜನೆಗಳೂ ಹೀಗೆ ತೇರ್ಗಡೆಯಾಗುವುದಿಲ್ಲ. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮಗುವನ್ನೆತ್ತಿಕೊಂಡು ಹೋಗಿ, ಡಾಕ್ಟರು ಬಂದಿಲ್ಲವೆಂದು ಕೇಳಿ ಹಿಂದಿರುಗಿದ ಅನುಭವ ವಾಚಕರಲ್ಲಿ ಅನೇಕರಿಗೆ ಇದ್ದೀತು. ಇದಕ್ಕೆ ಮದ್ದೆಂದು ನಮ್ಮ ಸರ್ಕಾರ ಹೆಬ್ಬೆರಳಿನ ಗುರುತನ್ನು ಹಿಡಿಯುವ ಯಂತ್ರಗಳನ್ನು ತರಿಸಿತು. ನೌಕರರು ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ ಬೆರಳನ್ನೊತ್ತಬೇಕು. ಆ ಲೆಕ್ಕ ಬೆಂಗಳೂರಿಗೆ ತಾನಾಗಿಯೇ ಹೋಗಿ ಸೇರುವುದು. ಐದು ಜಿಲ್ಲೆಗಳ ೩೨೨ ಕೇಂದ್ರಗಳಲ್ಲಿ ೧೪೦ನ್ನು ಚೀಟಿಯೆತ್ತಿದ ರೀತಿಯಲ್ಲಿ ಆರಿಸಿ ಅಲ್ಲಿ ಮಾತ್ರ ಯಂತ್ರವನ್ನಿಟ್ಟು, ಉಳಿದವುಗಳೊಡನೆ ಹೋಲಿಸಿ ನೋಡಲಾಯಿತು. ಚೀಟಿಯೆತ್ತುವುದರ ಪ್ರಯೋಜನವೇನೆಂದರೆ, ಒಳ್ಳೆಯ ಕೇಂದ್ರಗಳನ್ನೇ ಆರಿಸಿ ಯಂತ್ರವಿಟ್ಟು ಅದರ ಮಹಿಮೆಯನ್ನು ಹೊಗಳಲು ಯಾರಿಗೂ ಅವಕಾಶವಾಗುವುದಿಲ್ಲ. ಇಕ್ಬಾಲ್ ಧಾಲಿವಾಲ್ ಮತ್ತು ರೀಮಾ ಹನ್ನಾ ಎಂಬವರು ಈ ಪರೀಕ್ಷೆ ನಡೆಸಿದರು. ದಾದಿಯರು, ಔಷಧಿ ಕೊಡುವವರು, ಪ್ರಯೋಗಶಾಲೆಯವರು ಮೊದಲಿಗಿಂತ ಹೆಚ್ಚಾಗಿ ಬರತೊಡಗಿದರು. ಸಿಬ್ಬಂದಿಯ ಹಾಜರಿ ಒಟ್ಟಿನಲ್ಲಿ ಶೇಕಡ ೧೫ರಷ್ಟು ಏರಿತು. ಯಾರಿಗಾಗಿ ಯಂತ್ರ ತಂದರೋ ಆ ಡಾಕ್ಟರುಗಳ ಹಾಜರಿ ಮಾತ್ರ ಇದ್ದಲ್ಲೇ ಇತ್ತು.

ಆದರೂ ಆ ಕೇಂದ್ರಗಳ ಸುತ್ತಿನ ಹಳ್ಳಿಗಳಲ್ಲಿ ಹುಟ್ಟಿದ ಶಿಶುಗಳ ತೂಕ ಉತ್ತಮವಾಯಿತು. ವೈದ್ಯರ ಕೈಯಲ್ಲಿ ಆಗುವ ಹೆರಿಗೆಗಳೂ ಹೆಚ್ಚಿದವು. ಆದರೆ ಬಸುರಿಯರು ಯಂತ್ರವಿದ್ದ ಕೇಂದ್ರಗಳನ್ನು ಬಿಟ್ಟು, ದೊಡ್ಡ ಸರ್ಕಾರಿ ಆಸ್ಪತ್ರೆಗಳಿಗೂ ಖಾಸಗಿ ಆಸ್ಪತ್ರೆಗಳಿಗೂ ಹೆಚ್ಚಾಗಿ ಹೋದರು. ದಾದಿಯು ಇದ್ದು ಸಕಾಲಕ್ಕೆ ಸರಿಯಾದ ಸಲಹೆ ಕೊಟ್ಟದ್ದು ಇದಕ್ಕೆ ಕಾರಣವಿರಬಹುದು. ಅಷ್ಟು ಒಳ್ಳೆಯದಲ್ಲದ ಬೇರೆ ಕಾರಣಗಳೂ ಇರಬಹುದೆಂದು ಸಂಶೋಧಕರು ಬರೆದಿದ್ದಾರೆ. ಇದಕ್ಕಿಂತ ವಿಚಿತ್ರವಾದುದು ಬೇರೊಂದಿದೆ. ಯಾರು ಎಷ್ಟು ದಿನ ಬಂದಿಲ್ಲವೆಂಬ ಖಚಿತವಾದ ಲೆಕ್ಕ ಕೈಗೆ ಬಂದ ಮೇಲೆ, ಅದನ್ನು ಉಪಯೋಗಿಸಿ ರಜೆ ಕಡಿಯುವುದಕ್ಕಾಗಲಿ ದಂಡಿಸುವುದಕ್ಕಾಗಲಿ ಮೇಲಿನಿಂದ ಕೆಳಗಿನವರೆಗೆ ಯಾರಿಗೂ ಮನಸ್ಸು ಬರಲಿಲ್ಲ. ನೌಕರರಲ್ಲಿ ಅಸಮಾಧಾನವೇಳುವುದೆಂಬ ಅಂಜಿಕೆ. ಆ ಅಂಜಿಕೆ ಬರಿಯ ನೆಪವೂ ಅಲ್ಲ; ಯಂತ್ರವಿದ್ದ ಕೇಂದ್ರಗಳಲ್ಲಿ ಹೊಸ ದಾದಿಯರನ್ನು ನೇಮಿಸಿಕೊಳ್ಳುವುದು ನಿಜವಾಗಿಯೂ ಕಷ್ಟವಾಯಿತು. ಹಳ್ಳಿಯಲ್ಲಿ ವಾಸಕ್ಕೆ ತಕ್ಕ ಮನೆಯಿಲ್ಲದೆ, ಮಕ್ಕಳಿಗೆ ಶಾಲೆಯಿಲ್ಲದೆ ಇರುವವರ ಬೆರಳನ್ನು ಮಾತ್ರ ಎಣಿಸಿದರೆ ಹೀಗಾಗುವುದು ಆಶ್ಚರ್ಯವಲ್ಲ.

ಮೂರನೆಯ ಪ್ರಸಂಗವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಬಡವರ ಆಸ್ಪತ್ರೆಯ ಖರ್ಚಿಗಾಗಿ ಕೇಂದ್ರ ಸರ್ಕಾರ ೨೦೦೮ರಲ್ಲಿ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಎಂಬ ವಿಮಾಯೋಜನೆಯನ್ನು ಆರಂಭಿಸಿತ್ತು. ಕುಟುಂಬಕ್ಕೆ ವರ್ಷಕ್ಕೆ ಮೂವತ್ತು ಸಾವಿರ ರೂಪಾಯಿ ಅದರ ಮಿತಿ. ಬಡತನ ರೇಖೆಗಿಂತ ಮೇಲಿನವರಿಗೂ ಇದನ್ನು ಕೊಟ್ಟರೆ ಏನಾಗುವುದೆಂದು ನೋಡಲು, ಮೈಸೂರು ಮತ್ತು ಗುಲ್ಬರ್ಗ ಜಿಲ್ಲೆಗಳ ೪೩೫ ಹಳ್ಳಿಗಳಲ್ಲಿ ೧೦,೮೭೯ ಮನೆಗಳನ್ನು ಚೀಟಿಯೆತ್ತಿದ ರೀತಿಯಲ್ಲಿಯೇ ವಿಂಗಡಿಸಲಾಯಿತು. ಕೆಲವರಿಗೆ ವಿಮೆ ಉಚಿತ, ಕೆಲವರಿಗೆ ಬೆಲೆಗೆ, ಕೆಲವರಿಗೆ ಬೆಲೆಗಾದರೂ ಕೈಗೆ ಹಣ ಕೊಟ್ಟು, ಉಳಿದವರಿಗೆ ಏನೂ ಇಲ್ಲ. ಉಚಿತವೆಂದರೆ ನೂರಕ್ಕೆ ಸುಮಾರು ೭೯ ಮನೆಗಳು ಸೇರಿದವು. ಬೆಲೆ ಕೊಡಬೇಕೆಂದರೂ ಸುಮಾರು ೬೦ ಮನೆಗಳು ಸೇರಿದವು. ನಮ್ಮ ಹಳ್ಳಿಗರು ವಿಮೆಯನ್ನು ಅರಿಯರು ಎನ್ನುವವರು ಈ ಅಂಕಿಯನ್ನು ಗಮನಿಸಬೇಕು. ಅವರು ಚೀಟಿಯನ್ನು ಕೊಂಡರು. ಆದರೆ ಬೇಕಾದಾಗ ಅದನ್ನು ಉಪಯೋಗಿಸಿಕೊಳ್ಳಲು ಬಹುಮಂದಿಗೆ ಆಗಲಿಲ್ಲ. ಕೊನೆಯಲ್ಲಿ ಆರೋಗ್ಯವನ್ನು ನಾನಾ ಬಗೆಯಲ್ಲಿ ಅಳೆದು ನೋಡಿದರೂ, ವಿಮೆಯುಳ್ಳವರಿಗೂ ಇಲ್ಲದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಒಂದೇ ರಾಜ್ಯದಲ್ಲಿ ಆರೋಗ್ಯಶ್ರೀಯಿಂದ ಅಷ್ಟು ಜೀವಗಳುಳಿದು, ಈ ವಿಮೆಯಿಂದ ಏನೂ ಕಾಣದೆ ಹೋದುದೇಕೆ? ಒಂದರಲ್ಲಿ ಪ್ರಾಣಕ್ಕೆ ಎರವಾಗುವ ಕೆಲವೇ ಕಾಯಿಲೆಗಳು, ಇನ್ನೊಂದರಲ್ಲಿ ಸಣ್ಣಪುಟ್ಟ ಆಸ್ಪತ್ರೆವಾಸಗಳೆಲ್ಲ. ಒಂದರಲ್ಲಿ ಕಡುಬಡವರು, ಇನ್ನೊಂದರಲ್ಲಿ ಅವರಿಗಿಂತ ಒಂದು ಮೆಟ್ಟಿಲು ಮೇಲಿನವರು. ಇವೂ ಕಾರಣವಿರಬಹುದು. ನಮ್ಮ ಬುದ್ಧಿಗೆ ತೋರುವ ಕಾರಣವನ್ನೂ ಹೇಳಿಬಿಡುತ್ತೇವೆ. ಒಂದರಲ್ಲಿ ವೈದ್ಯನೇ ಹಳ್ಳಿಗೆ ಬಂದು ರೋಗಿಯನ್ನು ಹುಡುಕಿದನು. ಇನ್ನೊಂದರಲ್ಲಿ ರೋಗಿಯ ಕೈಗೊಂದು ಕಾರ್ಡನ್ನು ಕೊಟ್ಟು, ಆಸ್ಪತ್ರೆಯನ್ನು ನೀನೇ ಹುಡುಕಿಕೋ ಎಂದರು.

ಇಂಥ ಪರೀಕ್ಷೆಗಳಿಗೆ ಒಂದು ಆಕ್ಷೇಪಣೆಯುಂಟು. ಅದು ನ್ಯಾಯವಾದ ಆಕ್ಷೇಪಣೆಯೇ. ಹೋಲಿಕೆಗಾಗಿ ಅರ್ಧ ಜನವನ್ನು ಬರಿಗೈಯಲ್ಲಿ ನಿಲ್ಲಿಸುವುದು ಧರ್ಮವೆ? ಯೋಜನೆಯನ್ನು ಎಲ್ಲರಿಗೂ ಒಮ್ಮ�ೆಗೇ ಕೊಡುವಷ್ಟು ಹಣವೂ ಆಸ್ಪತ್ರೆಗಳೂ ಇದ್ದು, ಪರೀಕ್ಷೆಗೋಸ್ಕರವೇ ತಡೆಹಿಡಿದರೆ ಅದು ಅಧರ್ಮವೇ ಸರಿ. ಆದರೆ ನಡೆಯುವುದು ಸಾಮಾನ್ಯವಾಗಿ ಹಾಗಲ್ಲ. ಹಣ ಸಾಲದೆ, ಜನ ಸಾಲದೆ, ಯೋಜನೆಗಳು ಹೇಗೂ ಒಂದೊಂದೇ ಜಿಲ್ಲೆಗೆ ಬರುತ್ತವೆ. ಯಾವ ಜಿಲ್ಲೆ ಮೊದಲು ಎಂಬುದನ್ನು ಎಷ್ಟೋ ವೇಳೆ ಶಾಸಕರ ಗಟ್ಟಿತನ ನಿರ್ಧರಿಸುತ್ತದೆ. ಹೇಗೂ ಯಾರೋ ಕಾಯಲೇಬೇಕಾದಲ್ಲಿ, ಕಾಯುವವರ ಸರತಿಯನ್ನು ಬಹಿರಂಗವಾಗಿ ಗೊತ್ತುಮಾಡಿ, ಅವರ ಮನೆಗಳನ್ನೂ ಎಣಿಸಿದರೆ, ಆ ಕಾಯುವಿಕೆಯಿಂದ ಮುಂದಿನವರಿಗಾದರೂ ಒಂದು ತಿಳಿವಳಿಕೆ ಉಳಿಯುತ್ತದೆ. ಎಣಿಸದೆ ಬಿಟ್ಟರೆ ಕಾದದ್ದೂ ವ್ಯರ್ಥ.

೨೦೧೮ರಲ್ಲಿ ಆರೋಗ್ಯಶ್ರೀಯೂ ಅದರ ಜೊತೆಯ ಇತರ ಯೋಜನೆಗಳೂ ಆರೋಗ್ಯ ಕರ್ನಾಟಕದಲ್ಲಿ ಸೇರಿಹೋದವು. ಅದೇ ವರ್ಷದ ಕೊನೆಗೆ ಅದು ಕೇಂದ್ರದ ಯೋಜನೆಯೊಡನೆ ಕೂಡಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕವಾಯಿತು. ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆಯೆಂದು ಗೊತ್ತಾಯಿತು. ಹಿಂದಿನ ಒಂದೂವರೆ ಲಕ್ಷಕ್ಕಿಂತ ಇದು ಬಹಳ ಹೆಚ್ಚು. ಆದರೆ ಈ ಸಲ ಯೋಜನೆ ಇಡೀ ರಾಜ್ಯಕ್ಕೆ ಅನ್ವಯಿಸಿತು. ನಡುವೆ ಗೆರೆಯಿರಲಿಲ್ಲ, ಹೊಳೆಯ ಆಚೆಯ ದಡವೆಂಬುದು ಇರಲಿಲ್ಲ. ಎಷ್ಟು ಮಂದಿ ಚಿಕಿತ್ಸೆ ಪಡೆದರು, ಎಷ್ಟು ಕೋಟಿ ಪಾವತಿಯಾಯಿತು ಎಂಬುದನ್ನು ಲೆಕ್ಕದ ಪುಸ್ತಕ ಹೇಳುತ್ತದೆ. ಯೋಜನೆಯಿಲ್ಲದಿದ್ದರೆ ಎಷ್ಟು ಮಂದಿ ಸಾಯುತ್ತಿದ್ದರೆಂಬುದನ್ನು ಹೋಲಿಸಿ ಹೇಳಲು ೨೦೧೦ರಲ್ಲಿದ್ದಂಥ ಎರಡನೆಯ ಗಡಿಗೆ ಈಗಿಲ್ಲ.

ಅಜ್ಜಿಯ ಪ್ರಶ್ನೆಗೆ ಉತ್ತರ ಇಷ್ಟು. ಅಂದು ಬಾಗಿಲಿಗೆ ಬಂದವರಿಗೆ ಉತ್ತರ ಕೊಟ್ಟ ಅರವತ್ತು ಸಾವಿರ ಮನೆಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಯೋಜನೆಯಿಂದ ಏನನ್ನೂ ಪಡೆಯದ ಹಳ್ಳಿಗಳವು. ಶೇಕಡ ೦.೩೨ ಎಂಬುದು ಕಡಮೆಯೋ ಹೆಚ್ಚೋ ಎಂದು ನಮಗೆ ತಿಳಿದದ್ದು ಅವರು ಕೊಟ್ಟ ೦.೯೦ರಿಂದ. ಬಂದವರಿಗೆ ನೀರು ಕೊಟ್ಟು, ಜಗುಲಿಯ ಮೇಲೆ ಕೂರಿಸಿ, ತಮ್ಮ ಮನೆಯಲ್ಲಿ ಯಾರು ಸತ್ತರು, ಹೇಗೆ ಸತ್ತರು ಎಂಬುದನ್ನು ಅವರು ಹೇಳಿದರು. ದಕ್ಷಿಣದ ಆ ವಿಭಾಗಗಳಿಗೆ ಆರೋಗ್ಯಶ್ರೀ ಬಂದದ್ದು ೨೦೧೨ರಲ್ಲಿ.